ಅಮ್ಮನಿಗೆ ಪರೀಕ್ಷೆ ಇಡಬೇಡಿ, ಕೆಲಸ ಕೊಡಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವ ಹಿರಿಯರು ಕ್ಷಮಿಸಬೇಕು. ನನ್ನ ಮಾತು ಹೆಚ್ಚಾಗಿ ನಿಮ್ಮನ್ನು ಕರೆದುಕೊಂಡು ಬಂದ ಮಕ್ಕಳು, ಸೊಸೆಯರಿಗೆ.

ಅರವತ್ತಕ್ಕೆ ಅರಳು ಮರಳು ಅಂತ ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ! 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಪ್ರಕಾರ 60 ದಾಟಿದ ಭಾರತೀಯರಲ್ಲಿ ಡಿಮೆನ್ಶಿಯಾ, ಅಂದರೆ ದಿನದ ಬದುಕನ್ನೇ ಕೆಡಿಸುವಷ್ಟು ಮರೆವು, ಗಲಿಬಿಲಿ ತರುವ ಮೆದುಳಿನ ಕಾಯಿಲೆ ಇರುವವರು ಶೇ. 7.4ರಷ್ಟು. ಉಳಿದ ತೊಂಬತ್ತಕ್ಕೂ ಹೆಚ್ಚು ಮಂದಿಯನ್ನು ನಾವು ಸುಮ್ಮಸುಮ್ಮನೆ ಮೂಲೆಗೆ ಕೂರಿಸಿದ್ದೇವೆ. ಕನ್ನಡಕ ಎಲ್ಲಿಟ್ಟೆ ಅಂತ ಹುಡುಕುವುದು ವಯಸ್ಸಿನದು. ಜೀವನವಿಡೀ ಮಾಡಿದ ಸಾರಿಗೆ ಮೊದಲು ಏನು ಹಾಕಬೇಕು ಅಂತ ತಿಳಿಯದೆ ನಿಲ್ಲುವುದು, ದಿನಾ ಹೋಗುವ ದೇವಸ್ಥಾನದಿಂದ ಬರುವಾಗ ದಾರಿ ತಪ್ಪುವುದು ವಯಸ್ಸಿನದಲ್ಲ. ಆಗ ಡಾಕ್ಟರ ಹತ್ತಿರ ಹೋಗಬೇಕು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ, ನಿದ್ದೆ ಮಾತ್ರೆ ಇವುಗಳಿಂದಲೂ ಮರೆವು ಬರುತ್ತದೆ, ಚಿಕಿತ್ಸೆಯಿಂದ ಸುಧಾರಿಸುವುದೂ ಉಂಟು. ಬಚ್ಚಲಲ್ಲಿ ಜಾರಿ ತಲೆಗೆ ಪೆಟ್ಟು ಬಿದ್ದು, ಕೆಲವು ವಾರ ಕಳೆದ ಮೇಲೆ ಮಂಕಾದರೆ ತಡ ಮಾಡಲೇಬೇಡಿ.

ಇನ್ನು ಕಿವಿ. ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ಆಯೋಗದ 2024ರ ವರದಿ ಡಿಮೆನ್ಶಿಯಾಗೆ ದಾರಿಯಾಗುವ, ಆದರೆ ನಾವು ಬದಲಿಸಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿದೆ. ಬಿಪಿ, ಸಕ್ಕರೆ ಕಾಯಿಲೆ, ಒಂಟಿತನದ ಜೊತೆ ಕಿವುಡುತನವೂ ಅದರಲ್ಲಿದೆ. ಕನ್ನಡಕ ಹಾಕಲು ಇಲ್ಲದ ನಾಚಿಕೆ ಕಿವಿಯಂತ್ರಕ್ಕೆ ಯಾಕೋ! ಕಿವಿ ಕೇಳಿಸದ ಅಪ್ಪ ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡುತ್ತಾರೆ, ಮೊಮ್ಮಕ್ಕಳು ನಗುತ್ತವೆ. ನಾಲ್ಕು ಸಲ ಹೀಗಾದರೆ ಅಪ್ಪ ಬಾಯಿ ತೆರೆಯುವುದನ್ನೇ ಬಿಡುತ್ತಾರೆ. ಮಾತು ನಿಂತ ಮನೆಯಲ್ಲಿ ಮೆದುಳಿಗೆ ಏನು ಕೆಲಸ?

ಮಾತಿನ ಬಲ ಎಷ್ಟೆಂಬುದಕ್ಕೆ ನಮ್ಮ ಪಕ್ಕದ್ದೇ ಸಾಕ್ಷಿ ಇದೆ. ಹೈದರಾಬಾದಿನಲ್ಲಿ ನರರೋಗ ತಜ್ಞೆ ಡಾ. ಸುವರ್ಣ ಅಲ್ಲಾಡಿ ಮತ್ತು ಸಂಗಡಿಗರು ಡಿಮೆನ್ಶಿಯಾ ಇದ್ದ 648 ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಆಡುವವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಕಲಿಯದವರಲ್ಲೂ ಕೂಡ. ಭಾಷೆಯೊಂದೇ ಕಾರಣ ಅಂತ ಹೇಳಲಾಗದು, ನಿಜ. ಆದರೂ ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಆಡುತ್ತಾ ಬಂದ ಕೋಲಾರದ ಅಜ್ಜಿಗೆ ಶಾಲೆ ಸಿಗದಿದ್ದರೂ ಮೆದುಳಿಗೆ ಅಭ್ಯಾಸ ತಪ್ಪಲಿಲ್ಲ.

ಸುಡೊಕು ಮಾಡಿಸಲೇ ಅಂತ ತುಂಬ ಜನ ಕೇಳುತ್ತಾರೆ. ಇಷ್ಟವಿದ್ದರೆ ಮಾಡಲಿ. ನನ್ನ ಕೇಳಿದರೆ, ಮೊಮ್ಮಗಳ ಜೊತೆ ಜಗಳವಾಡುತ್ತಾ ಆಡುವ ಚೌಕಾಬಾರ ಅದಕ್ಕಿಂತ ಮೇಲು. ಅದಕ್ಕೂ ಮೇಲು ಜವಾಬ್ದಾರಿ. "ನೀವು ಸುಮ್ನೆ ಕೂತ್ಕೊಳ್ಳಿ ಅಮ್ಮಾ, ನಾವು ಮಾಡ್ತೀವಿ" ಅನ್ನುವುದು ಪ್ರೀತಿಯೇ. ಆ ಪ್ರೀತಿಯೇ ಅವರ ಕೈಯಿಂದ ಒಂದೊಂದೇ ಕೆಲಸ ಕಿತ್ತುಕೊಳ್ಳುತ್ತದೆ. ಹಾಲಿನ ಲೆಕ್ಕ ಅವರೇ ಬರೆಯಲಿ. ತಪ್ಪಾದರೆ ಹತ್ತಿಪ್ಪತ್ತು ರೂಪಾಯಿ ಹೋದೀತು, ಹೋಗಲಿ.

ಕಾಯಿಲೆ ಬಂದೇಬಿಟ್ಟಿದ್ದರೆ? ಮೊದಲು ಪರೀಕ್ಷೆ ನಿಲ್ಲಿಸಿ. ನೆಂಟರು ಬಂದಾಗ "ಇವರು ಯಾರು ಹೇಳು ನೋಡೋಣ" ಅಂತ ಎಲ್ಲರೆದುರು ಕೇಳುವುದು ಹಿಂಸೆ. "ಅತ್ತೇ, ನಾನು ನಿಮ್ಮ ತಮ್ಮನ ಮಗಳು, ತಿಪಟೂರಿಂದ ಬಂದೆ" ಅಂತ ನೀವೇ ಹೇಳಿಕೊಂಡು ಒಳಗೆ ಬನ್ನಿ. ಡಿಮೆನ್ಶಿಯಾದಲ್ಲೇ ಹೆಚ್ಚಾಗಿ ಕಾಣುವ ಬಗೆಯಾದ ಆಲ್ಝೈಮರ್‌ನಲ್ಲಿ ಸಾಮಾನ್ಯವಾಗಿ ಮೊದಲು ಏಟು ತಿನ್ನುವುದು ಹೊಸ ನೆನಪನ್ನು ಕೂಡಿಡುವ, ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗ. ಬೆಳಗಿನ ತಿಂಡಿ ಏನೆಂದು ಹೇಳಲಾಗದವರು ಮದುವೆ ದಿನದ ಊಟ ಬಣ್ಣಿಸುತ್ತಾರೆ, ಸೋಬಾನೆ ಪದ ಪೂರ್ತಿ ಹಾಡುತ್ತಾರೆ. ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಬತ್ತಿ ಹೊಸೆಯುವುದು ಬೆರಳಿಗೆ ಇನ್ನೂ ಬಹಳ ಕಾಲ ಗೊತ್ತಿರುತ್ತದೆ.

ಸಂಜೆಯಾದರೆ ಗಲಿಬಿಲಿ ಹೆಚ್ಚು. ಸ್ವಂತ ಮನೆಯಲ್ಲೇ ಕೂತು "ಮನೆಗೆ ಹೋಗ್ಬೇಕು" ಅಂತ ಎದ್ದು ನಿಲ್ಲುತ್ತಾರೆ. "ಇದೇ ಮನೆ" ಅಂತ ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. ದೀಪ ಹಾಕಿ, "ಆ ಮನೇಲಿ ಬಾವಿ ಇತ್ತಾ ಅಮ್ಮಾ?" ಅಂತ ಕೇಳಿ, ಕೈ ಹಿಡಿದು ಹಿತ್ತಲಲ್ಲಿ ಎರಡು ಸುತ್ತು ಹಾಕಿಸಿ.

ಇಷ್ಟನ್ನೆಲ್ಲ ಮಾಡುವುದು ಸಾಮಾನ್ಯವಾಗಿ ಒಬ್ಬಳೇ ಸೊಸೆ ಅಥವಾ ಮಗಳು. ದೂರದೂರಲ್ಲಿರುವ ಅಣ್ಣ ಮಾತ್ರ "ಫೋನಲ್ಲಿ ಅಮ್ಮ ಚೆನ್ನಾಗೇ ಮಾತಾಡ್ತಾಳಲ್ಲ" ಅಂತಾನೆ. ಅಣ್ಣಂದಿರೇ, ರಜೆ ಹಾಕಿ ಬಂದು ವಾರವಾದರೂ ರಾತ್ರಿ ಪಾಳಿ ಮಾಡಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರಿಗೇ ಮನಸ್ಸು ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬರೆದುಕೊಳ್ಳಿ, ಆಮೇಲೆ ಪ್ರಶ್ನೆ ಕೇಳಿ.