ಸರ್ಕಾರದ ಗಮನಕ್ಕೆ ಬಂದಿದೆಯೇ?

ಕಾರವಾರ ಆಕಾಶವಾಣಿಯ ಕೇಳುಗರೆಲ್ಲರಿಗೂ ನಮಸ್ಕಾರ.

ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಸಾಹೇಬರ ಕೋಣೆಯಿಂದ ಕೂಗು ಬರುತ್ತಿತ್ತು: “ಎಲ್‌ಎ ಪ್ರಶ್ನೆ ಬಂದಿದೆ, ಸಂಜೆಯೊಳಗೆ ಉತ್ತರ ಹೋಗಬೇಕು!” ಅಲ್ಲಿಗೆ ಬುತ್ತಿ ಮುಚ್ಚಿದ ಹಾಗೆಯೇ. ಎಲ್‌ಎ ಪ್ರಶ್ನೆ ಎಂದರೆ ವಿಧಾನಸಭೆಯಲ್ಲಿ ಶಾಸಕರು ಮಂತ್ರಿಗಳಿಗೆ ಕೇಳುವ ಪ್ರಶ್ನೆ. ನಾನು ಸರ್ಕಾರಿ ಕಚೇರಿಯೊಂದರಲ್ಲಿ ವಿಷಯ ನಿರ್ವಾಹಕನಾಗಿದ್ದವನು. ಟಿವಿಯಲ್ಲಿ ಮಂತ್ರಿಗಳು ಎದ್ದು ನಿಂತು ಗಂಭೀರವಾಗಿ ಓದುವ ಉತ್ತರ ಎಷ್ಟೋ ಸಲ ನನ್ನಂಥವನು ಹಸಿದ ಹೊಟ್ಟೆಯಲ್ಲಿ ಬರೆದದ್ದು. ಇಲ್ಲಿಂದ ಜಿಲ್ಲಾ ಕಚೇರಿ, ಅಲ್ಲಿಂದ ಬೆಂಗಳೂರಿನ ನಿರ್ದೇಶನಾಲಯ, ಅಲ್ಲಿಂದ ಸಚಿವಾಲಯ. ದಾರಿಯುದ್ದಕ್ಕೂ ಒಬ್ಬೊಬ್ಬರು ಒಂದೊಂದು ಶಬ್ದ ತಿದ್ದುತ್ತಾರೆ. ಬುಡ ಮಾತ್ರ ನಮ್ಮ ಮೇಜಿನದೇ.

ಈ ಪ್ರಶ್ನೆಗಳಿಗೆ ಒಂದು ಅಚ್ಚು ಇದೆ. (ಅ) ಇಂಥ ತಾಲೂಕಿನಲ್ಲಿ ಇಂಥ ತೊಂದರೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ ಕೈಗೊಂಡ ಕ್ರಮಗಳೇನು? (ಇ) ಯಾವ ಕಾಲಮಿತಿಯಲ್ಲಿ ಪೂರ್ಣಗೊಳಿಸಲಾಗುವುದು? ಉತ್ತರಕ್ಕೂ ಅಚ್ಚು ಇದೆ. (ಅ) ಬಂದಿದೆ. (ಆ) ಪರಿಶೀಲನೆಯಲ್ಲಿದೆ. (ಇ) ಅನುದಾನದ ಲಭ್ಯತೆಯನ್ನು ಆಧರಿಸಿ ಕ್ರಮ ವಹಿಸಲಾಗುವುದು. ಇದಕ್ಕಿಂತ ಸುಲಭದ ದಾರಿಯೂ ಒಂದಿದೆ. (ಅ)ಗೆ ‘ಬಂದಿರುವುದಿಲ್ಲ’ ಎಂದು ಬರೆದುಬಿಟ್ಟರೆ (ಆ), (ಇ) ಎರಡಕ್ಕೂ ‘ಉದ್ಭವಿಸುವುದಿಲ್ಲ’ ಎಂದರೆ ಆಯಿತು. ಬುತ್ತಿಯ ಅನ್ನ ತಣಿಯುವುದರೊಳಗೆ ಕೆಲಸ ಮುಗಿಯುತ್ತದೆ.

ಈ ಸುಲಭದ ದಾರಿಯನ್ನು ನಾನೂ ಹಿಡಿದಿದ್ದೇನೆ, ಒಂದು ಕಾಲುಸಂಕದ ವಿಷಯದಲ್ಲಿ.

ಕಾಲುಸಂಕ ಎಂದರೆ ಘಟ್ಟದ ಮೇಲಿನವರಿಗೆ, ಘಟ್ಟದ ಬುಡದವರಿಗೆ ಬಿಡಿಸಿ ಹೇಳಬೇಕಿಲ್ಲ. ಹಳ್ಳದ ಈ ದಡದಿಂದ ಆ ದಡಕ್ಕೆ ನಾಲ್ಕು ಅಡಿಕೆ ಮರದ ಕಾಂಡ, ಮೇಲೊಂದು ಬಿದಿರಿನ ಹಿಡಿಕೆ. ಮಳೆಗಾಲಕ್ಕೆ ಹೊಸದು ಕಟ್ಟಬೇಕು, ದೊಡ್ಡ ನೆರೆ ಬಂದರೆ ಮತ್ತೊಮ್ಮೆ ಕಟ್ಟಬೇಕು. ಶಾಲೆಗೆ ಹೋಗುವ ಮಕ್ಕಳು, ಡೈರಿಗೆ ಹಾಲು ಒಯ್ಯುವವರು, ಆಸ್ಪತ್ರೆಗೆ ಕಂಬಳಿ ಕಟ್ಟಿ ಹೊತ್ತೊಯ್ಯುವ ರೋಗಿ ಎಲ್ಲರಿಗೂ ಅದೇ ಹೆದ್ದಾರಿ. ಅಂಥ ಸಂಕಗಳ ದುಃಸ್ಥಿತಿ ಸರ್ಕಾರದ ಗಮನಕ್ಕೆ ಬಂದಿದೆಯೇ ಎಂದು ಒಂದು ಪ್ರಶ್ನೆ ಬಂತು. ಯಾವ ಊರು, ಯಾವ ಹಳ್ಳ, ಎಷ್ಟು ಸಂಕ, ಏನೂ ಇಲ್ಲ. ‘ಬಂದಿರುವುದಿಲ್ಲ’ ಎಂದು ಬರೆದು ಕಳಿಸಿದೆ. ಆ ಶನಿವಾರ ಶಿರಸಿ ಕಡೆಯ ನಮ್ಮ ಮನೆಗೆ ಹೋದವನು ಊಟಕ್ಕೆ ಕೂತಾಗ ಇದನ್ನೊಂದು ತಮಾಷೆಯಂತೆ ಆಯಿಯ ಹತ್ತಿರ ಹೇಳಿದೆ. ಆಯಿ ನಗಲಿಲ್ಲ. ಸಾರಿನ ಸೌಟು ಹಿಡಿದುಕೊಂಡೇ, “ಅಲ್ದನಾ ತಮಾ, ಹಂಗಾರೆ ನೀ ಎಂತದ್ರ ಮೇಲೆ ದಾಟ್ಕಂಡು ಬಂದೆ?” ಅಂದಳು.

ಶಾಸಕರು ಕೇಳಲಾರದ ಉಪಪ್ರಶ್ನೆ ಅದು.

ಉಪಪ್ರಶ್ನೆ ಎಂದ ಮೇಲೆ ಚುಕ್ಕೆಯ ವಿಷಯ ಹೇಳಲೇಬೇಕು. ಪಟ್ಟಿಯಲ್ಲಿ ಚುಕ್ಕೆ ಗುರುತಿರುವ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತೇ ಉತ್ತರಿಸಬೇಕು. ಅದರ ಬಾಲ ಹಿಡಿದು ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದ ಉತ್ತರ, ಅಷ್ಟೇ. ಲೋಕಸಭೆಯಲ್ಲಾದರೆ ದಿನಕ್ಕೆ ಚುಕ್ಕೆಯವು 20, ಇಲ್ಲದವು 230. ಪೇಪರಿನಲ್ಲಿ ಫೋಟೊ ಬರುವುದು ಚುಕ್ಕೆಯದಕ್ಕೆ. ಆದರೆ ಮೇಜಿನ ಈಚೆ ಕೂತವನಾಗಿ ಹೇಳುತ್ತೇನೆ, ನಮಗೆ ಹೆದರಿಕೆ ಇದ್ದದ್ದು ಚುಕ್ಕೆಯಿಲ್ಲದ, ಅಂಕಿ ಕೇಳುವ ಪ್ರಶ್ನೆಯದೇ. ಗದ್ದಲದಲ್ಲಿ ಮಾತು ತೇಲಿ ಹೋಗುತ್ತದೆ. ಅನುಬಂಧದಲ್ಲಿ ಕೊಟ್ಟ ತಖ್ತೆ ಎಲ್ಲಿಗೂ ಹೋಗುವುದಿಲ್ಲ. ಮೂರು ವರ್ಷದ ನಂತರ ಯಾರಾದರೂ ಅದನ್ನು ತೆಗೆದು ಮುಂದೆ ಹಿಡಿಯಬಹುದು.

ಅಂಕಿ ಕೇಳುವುದರಲ್ಲೂ ಒಂದು ಸೂಕ್ಷ್ಮವಿದೆ. ಸರ್ಕಾರದ ದುಡ್ಡು ಒಂದೇ ಕಿಸೆಯಲ್ಲಿ ಇರುವುದಿಲ್ಲ. ಆಸ್ಪತ್ರೆಯ ಕಟ್ಟಡ ಕಟ್ಟುವ ದುಡ್ಡು 4210 ಎಂಬ ಲೆಕ್ಕ ಶೀರ್ಷಿಕೆಯಿಂದ ಬರುತ್ತದೆ, ಅದು ಬಂಡವಾಳ ವೆಚ್ಚ. ಅಲ್ಲಿ ಕೂರುವ ಡಾಕ್ಟರ ಸಂಬಳ, ಔಷಧಿ 2210ರಿಂದ, ಅದು ರಾಜಸ್ವ ವೆಚ್ಚ. ಒಂದು ಕಿಸೆ ತುಂಬಿ ಇನ್ನೊಂದು ಖಾಲಿ ಇದ್ದರೆ ಏನಾಗುತ್ತದೆ ಎಂದು ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಗೊತ್ತು: ಉದ್ಘಾಟನೆಯ ಕಲ್ಲು ಇರುತ್ತದೆ, ಬೀಗವೂ ಇರುತ್ತದೆ. ರಸ್ತೆಗೂ ಹಾಗೆಯೇ. ಹೊಸ ರಸ್ತೆ, ಹೊಸ ಸೇತುವೆ 5054ರಲ್ಲಿ. ಹೊಂಡ ಮುಚ್ಚುವುದು 3054ರಲ್ಲಿ. “ಆಸ್ಪತ್ರೆಗೆ ಎಷ್ಟು ಅನುದಾನ ಕೊಟ್ಟಿದ್ದೀರಿ?” ಎಂದು ಕೇಳಿದರೆ ನಾವು ದೊಡ್ಡ ಕಿಸೆಯ ಮೊತ್ತ ತೋರಿಸಿ ಕೈತೊಳೆದುಕೊಳ್ಳುತ್ತಿದ್ದೆವು. “ಮಂಜೂರಾದ ತಜ್ಞ ವೈದ್ಯರ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು, ಭರ್ತಿಯಾದವರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಇರುವವರು ಎಷ್ಟು?” ಎಂದು ಕೇಳಿದರೆ ಆ ದಿನ ಬುತ್ತಿ ಮನೆಗೇ ವಾಪಸ್. ನಿಯೋಜನೆಯ ಆಟ ಗೊತ್ತಲ್ಲ? ಹುದ್ದೆ ಇಲ್ಲಿ, ಹಾಜರಿ ಇನ್ನೆಲ್ಲೋ. ಕಾಗದದ ಮೇಲೆ ಖಾಲಿ ಇಲ್ಲ, ಕುರ್ಚಿಯ ಮೇಲೆ ಜನ ಇಲ್ಲ.

‘ಮಂಜೂರು’ ಎಂಬ ಶಬ್ದವೂ ಅಷ್ಟೇ. ಆಡಳಿತಾತ್ಮಕ ಅನುಮೋದನೆ ಸಿಕ್ಕಿದ್ದೂ ಮಂಜೂರು, ದುಡ್ಡು ಬಿಡುಗಡೆಯಾದದ್ದೂ ಮಂಜೂರು ಎಂದು ಜನ ತಿಳಿಯುತ್ತಾರೆ, ಪಟಾಕಿ ಹಾರಿಸುತ್ತಾರೆ. ಅನುಮೋದನೆ, ಟೆಂಡರ್, ಕಾರ್ಯಾದೇಶ, ಬಿಡುಗಡೆ, ವೆಚ್ಚ ಇವು ಐದೂ ಬೇರೆ ಬೇರೆ ದಿನಾಂಕಗಳು. ಐದೂ ದಿನಾಂಕ ಕೇಳಬೇಕು.

ಆಸ್ಪತ್ರೆಯ ಮಾತು ನಮ್ಮಲ್ಲಿ ಬರೀ ಲೆಕ್ಕದ ಮಾತಲ್ಲ. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇದೆ. ಆದರೂ ದೊಡ್ಡ ಕಾಯಿಲೆ, ದೊಡ್ಡ ಅಪಘಾತ ಎಂದರೆ ಗಾಡಿ ಓಡುವುದು ಮಣಿಪಾಲಕ್ಕೆ, ಮಂಗಳೂರಿಗೆ, ಹುಬ್ಬಳ್ಳಿಗೆ, ಇಲ್ಲ ಗೋವಾದ ಬಾಂಬೋಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟಿನಲ್ಲಿ ಮಗುಚಿ ನಾಲ್ವರು ತೀರಿಕೊಂಡರು. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಆಗ ಮನೆಮನೆಯಿಂದ ಎದ್ದಿತು.

ಆ ಶಿರೂರು ಉಡುಪಿ ಜಿಲ್ಲೆಯದು. ನಮ್ಮ ಅಂಕೋಲೆಯ ಶಿರೂರು ಬೇರೆ. ಅಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಹೆದ್ದಾರಿಯನ್ನೂ ಜನರನ್ನೂ ಗಂಗಾವಳಿ ನದಿಗೆ ತಳ್ಳಿತು. ಮೂರು ವಾರ ಕಳೆಯುವಷ್ಟರಲ್ಲಿ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆ ಸೇತುವೆ ಬಿತ್ತು. ಈ ಎರಡರಲ್ಲೂ ಪ್ರಶ್ನೆಗೆ ಒಂದು ದೊಡ್ಡ ತೊಡಕಿದೆ: ಯಾರನ್ನು ಕೇಳುವುದು? ರಾಷ್ಟ್ರೀಯ ಹೆದ್ದಾರಿ 66 ಕೇಂದ್ರದ್ದು. ಶಾಸಕರು ಲೋಕೋಪಯೋಗಿ ಮಂತ್ರಿಗೆ ಕೇಳಿದರೆ ‘ಕೇಂದ್ರ ಸರ್ಕಾರಕ್ಕೆ ಸಂಬಂಧಿಸಿದ ವಿಷಯ’ ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಹೆದ್ದಾರಿಗೆ ಗುಡ್ಡ ಕಡಿದದ್ದನ್ನು ಸಂಸದರು ದಿಲ್ಲಿಯಲ್ಲಿ ಕೇಳಬೇಕು. ಎಚ್ಚರಿಕೆ, ರಕ್ಷಣೆ, ಪರಿಹಾರವನ್ನು ಶಾಸಕರು ಬೆಂಗಳೂರಿನಲ್ಲಿ ಕೇಳಬೇಕು. ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಕೊಂಕಣ ರೈಲು, ಬಂದರು, ಅರಣ್ಯ, ನಮ್ಮ ಜಿಲ್ಲೆಯ ಅರ್ಧ ಗೋಳು ಹೀಗೆ ಎರಡು ಸದನಗಳ ನಡುವಿನ ಹಳ್ಳದಲ್ಲಿ ಬಿದ್ದಿದೆ. ಅದಕ್ಕೆ ಸಂಕ ಹಾಕುವವರು ಬೇಕು. 224 ಶಾಸಕರಲ್ಲಿ ನಮ್ಮವರು ಆರು ಮಂದಿ, ಸಂಸದರು ಒಬ್ಬರು. ಖಾನಾಪುರ, ಕಿತ್ತೂರನ್ನೂ ಅವರೇ ನೋಡಬೇಕು.

ಅಂಕೋಲೆಯ ದಿನಕರ ದೇಸಾಯರು 1967ರಲ್ಲಿ ಇದೇ ಕ್ಷೇತ್ರದಿಂದ ಲೋಕಸಭೆಗೆ ಹೋದವರು, ಚುಟುಕದಿಂದ ನಾಡಿಗೆಲ್ಲ ಪರಿಚಿತರು. ಒಳ್ಳೆಯ ಪ್ರಶ್ನೆಯೂ ಚುಟುಕದ ಜಾತಿಯದೇ ಎಂದು ನನಗೆ ಅನಿಸುತ್ತದೆ. ಲೋಕಸಭೆಯ ನಿಯಮದಲ್ಲಿ ಪ್ರಶ್ನೆ 150 ಶಬ್ದ ಮೀರಬಾರದು. ವಾದ ಇರಬಾರದು, ವ್ಯಂಗ್ಯ ಇರಬಾರದು. ಗಟ್ಟಿ ಗಂಟಲಿಗೆ ಬೇರೆ ಹೊತ್ತು ಇದೆ. ತಣ್ಣಗೆ ಕೇಳಿದ ಒಂದು ಪ್ರಶ್ನೆ ಏನು ಮಾಡಬಲ್ಲುದು ಎಂಬುದಕ್ಕೆ ಹಳೆಯ ಉದಾಹರಣೆ ಇದೆ. ಜೀವ ವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪನಿಗಳಿಗೆ ಹೋಗಿದೆಯೇ ಎಂದು 1957ರಲ್ಲಿ ಲೋಕಸಭೆಯಲ್ಲಿ ಕೇಳಿದರು. ಫಿರೋಜ್ ಗಾಂಧಿ ಅದರ ಬೆನ್ನು ಹತ್ತಿದರು. ನ್ಯಾಯಮೂರ್ತಿ ಛಾಗ್ಲಾ ವಿಚಾರಣೆ ನಡೆಸಿದರು. 1958ರ ಫೆಬ್ರವರಿಯಲ್ಲಿ ಅರ್ಥಮಂತ್ರಿ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಕೇಳಿದವರೂ ಕೆಳಗಿಳಿದವರೂ ಒಂದೇ ಪಕ್ಷದವರು, ಅದನ್ನೂ ಗಮನಿಸಬೇಕು.

ಇನ್ನೊಂದು ಗುಟ್ಟು. ಮಂತ್ರಿ ‘ಕ್ರಮ ವಹಿಸಲಾಗುವುದು’ ಎಂದರೆ ಅದು ಗಾಳಿಗೆ ಹೋದ ಮಾತಲ್ಲ. ಸದನಕ್ಕೆ ಸರ್ಕಾರಿ ಭರವಸೆಗಳ ಸಮಿತಿ ಎಂಬುದೊಂದು ಇದೆ, ಕೊಟ್ಟ ಮಾತು ಏನಾಯಿತು ಎಂದು ನೋಡುವುದೇ ಅದರ ಕೆಲಸ. ಲೋಕಸಭೆಯಲ್ಲಂತೂ ‘ವಿಷಯ ಪರಿಶೀಲನೆಯಲ್ಲಿದೆ’ ಎಂದರೂ ಅದು ಭರವಸೆಯೇ, ಈಡೇರಿಸಲು ಮೂರು ತಿಂಗಳು. ನಾವು ಪಾರಾಗಲು ಬರೆದ ಸಾಲೇ ಸಾಹೇಬರ ಕೊರಳಿಗೆ ಬೀಳುವುದನ್ನು ಕಂಡಿದ್ದೇನೆ.

ನಿವೃತ್ತನಾಗಿ ಊರಲ್ಲಿ ಕೂತ ಮೇಲೆ ಆಯಿಯ ಸಂಕ ನನ್ನ ತಲೆಯಿಂದ ಇಳಿಯಲಿಲ್ಲ. ಆಯಿ ಈಗಿಲ್ಲ. ಸಂಕ ಅಡಿಕೆ ಮರದ್ದೇ ಇದೆ. ಈಚೆಗೆ ಪಕ್ಕದ ಮನೆಯ ಹುಡುಗ ಬಂದು, “ಮಾವ, ಶಾಸಕರಿಗೆ ಕೊಡೂಕೆ ಒಂದು ಪ್ರಶ್ನೆ ಬರ್ಕೊಡಿ” ಅಂದ. ಅವನೇ ಬರೆದು ತಂದ ಚೀಟಿಯಲ್ಲಿ ಎರಡು ಪುಟ ಗೋಳಿತ್ತು. ಗೋಳನ್ನೆಲ್ಲ ಹೊಡೆದು ಹಾಕಿದೆ, ಅವನಿಗೆ ಬೇಜಾರಾಯಿತು. ಉಳಿಸಿದ್ದು ಹಳ್ಳದ ಹೆಸರು, ಆಚೆ ದಡದ ಮನೆಗಳು, ಶಾಲೆಗೆ ಹೋಗುವ ಮಕ್ಕಳು.

ಆಮೇಲೆ ಮುಖ್ಯವಾದದ್ದಕ್ಕೆ ಬಂದೆವು. ಸಂಕಕ್ಕೆ ಸೇರುವ ದಾರಿ ಅರಣ್ಯದಲ್ಲಿದೆ. ‘ಅರಣ್ಯ ಇಲಾಖೆಯ ಅನುಮತಿ ಬಾಕಿ’ ಎಂಬ ಉತ್ತರ ಬಂದೇ ಬರುತ್ತದೆ ಎಂದು ನನಗೆ ಗೊತ್ತು, ಎಷ್ಟು ಸಲ ನಾನೇ ಬರೆದಿಲ್ಲ! 2006ರ ಅರಣ್ಯ ಹಕ್ಕು ಕಾಯ್ದೆಯ 3(2)ನೇ ಕಲಮಿನಲ್ಲಿ ಶಾಲೆ, ಅಂಗನವಾಡಿ, ಕುಡಿಯುವ ನೀರು, ರಸ್ತೆ ಇಂಥವಕ್ಕೆ ಒಂದೊಂದಕ್ಕೂ ಒಂದು ಹೆಕ್ಟೇರಿನೊಳಗಿನ ಅರಣ್ಯ ಜಾಗ ಕೊಡಬಹುದು. ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಹೋಗಬಾರದು, ಗ್ರಾಮಸಭೆಯ ಶಿಫಾರಸು ಇರಬೇಕು. ಹಾಗಾಗಿ ಕೊನೆಯ ಸಾಲು ಹೀಗೆ ಬರೆಯಿಸಿದೆ: “ಸದರಿ ಕಾಮಗಾರಿಗೆ ಗ್ರಾಮಸಭೆಯ ಶಿಫಾರಸು ಯಾವ ದಿನಾಂಕದಂದು ಸಲ್ಲಿಕೆಯಾಗಿದೆ, ಅಂದಿನಿಂದ ಇಂದಿನವರೆಗೆ ಕಡತ ಯಾವ ಯಾವ ಕಚೇರಿಯಲ್ಲಿ ಎಷ್ಟು ದಿನ ಇತ್ತು?”

ಬರೆದಾದ ಮೇಲೆ ನನಗೇ ಅನುಮಾನ ಬಂತು. ಆ ದಿನಾಂಕ ನಮಗೆ ಮೊದಲು ಗೊತ್ತಿರಬೇಕಲ್ಲ? ಇಬ್ಬರೂ ಪಂಚಾಯ್ತಿಗೆ ಹೋಗಿ ನಡಾವಳಿ ಪುಸ್ತಕ ತೆಗೆಸಿದೆವು. ಐದು ವರ್ಷದ ಪುಟ ತಿರುವಿದರೂ ಸಂಕದ ಸುದ್ದಿಯೇ ಇಲ್ಲ. ಬೀದಿದೀಪ ಇದೆ, ಮಂಗನ ಕಾಟ ಇದೆ, ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸಿದ್ದೂ ಇದೆ. ಊರಿಗೆ ಊರೇ ಬೈದುಕೊಂಡು ದಾಟುವ ಸಂಕವನ್ನು ಊರಲ್ಲಿ ಒಬ್ಬರೂ ಗ್ರಾಮಸಭೆಯಲ್ಲಿ ಎತ್ತಿರಲಿಲ್ಲ. ನಾನೂ ಎತ್ತಿರಲಿಲ್ಲ.

ಹುಡುಗ ಶಾಸಕರ ಚೀಟಿಯನ್ನು ಮಡಚಿ ಕಿಸೆಗೆ ಹಾಕಿಕೊಂಡ. ಬರುವ ಗ್ರಾಮಸಭೆ ಯಾವತ್ತು ಎಂದು ಕಾರ್ಯದರ್ಶಿಯನ್ನು ಕೇಳಿದ. ಆತ ಗೋಡೆಯ ಕ್ಯಾಲೆಂಡರ್ ನೋಡಿ, ಇನ್ನೂ ದಿನ ಗೊತ್ತಾಗಿಲ್ಲ, ಗೊತ್ತಾದ ಮೇಲೆ ನೋಟೀಸು ಹಚ್ಚುತ್ತೇವೆ ಅಂದ.

ನಮಸ್ಕಾರ.