ಕ್ಯೂಟ್ ಫೋನಿಗೆ ಬಂದದ್ದು ಹೇಗೆ?

ಎಲ್ಲರಿಗೂ ನಮಸ್ಕಾರ. ಈಗ ಪರದೆ ಮೇಲೆ ಕಾಣುತ್ತಿರುವುದು ಕ್ರಿತಾ. ಚಿತ್ರ ಬಿಡಿಸುವ ಸಾಫ್ಟ್‌ವೇರ್. ಹುಟ್ಟಿದ್ದು ಲಿನಕ್ಸ್ ಡೆಸ್ಕ್‌ಟಾಪ್‌ಗೆ. ಇಲ್ಲಿ ಓಡುತ್ತಿರುವುದು ಆಂಡ್ರಾಯ್ಡ್ ಟ್ಯಾಬ್ಲೆಟ್ ಮೇಲೆ. ಅದೇ ಬ್ರಷ್‌ಗಳು, ಅದೇ ಲೇಯರ್‌ಗಳು, ಹೆಚ್ಚು ಕಮ್ಮಿ ಅದೇ ಕೋಡ್. ಇದರ ಅಡಿಯಲ್ಲಿ ಕ್ಯೂಟ್ ಎಂಬ ಸಿ ಪ್ಲಸ್ ಪ್ಲಸ್ ಫ್ರೇಮ್‌ವರ್ಕ್ ಇದೆ, ಅಂದರೆ ಆ್ಯಪ್ ಕಟ್ಟಲು ಬೇಕಾದ ಸಿದ್ಧ ಕೋಡ್‌ನ ಕಟ್ಟು. ಕ್ಯೂಟ್ ಫೋನುಗಳಿಗೆ ಬಂದದ್ದರಿಂದಲೇ ಇದೆಲ್ಲ ಸಾಧ್ಯವಾಯಿತು. ಅದನ್ನು ಆಂಡ್ರಾಯ್ಡ್‌ಗೆ ಮೊದಲು ತಂದವರು ಅದರ ಮಾಲೀಕ ಕಂಪನಿಯವರಲ್ಲ, ಹೊರಗಿನವರು. ಇವತ್ತಿನ ವಿಡಿಯೊ ಅವರ ಬಗ್ಗೆ.

ಮೊದಲು ಚೂರು ಹಿನ್ನೆಲೆ. ಹಾವರ್ಡ್ ನಾರ್ಡ್ ಮತ್ತು ಐರಿಕ್ ಚಾಂಬೆ-ಎಂಗ್ ಎಂಬ ಇಬ್ಬರು ನಾರ್ವೆಯವರು 1991ರಲ್ಲಿ ಕ್ಯೂಟ್ ಬರೆಯಲು ಶುರು ಮಾಡಿದರು. ಟ್ರೋಲ್‌ಟೆಕ್ ಎಂಬ ಕಂಪನಿ ಕಟ್ಟಿದರು. 1995ರಲ್ಲಿ ಮೊದಲ ಬಿಡುಗಡೆ. ವಿಂಡೋಸ್‌ಗೆ, ಮ್ಯಾಕ್‌ಗೆ, ಲಿನಕ್ಸ್‌ಗೆ ಒಂದೇ ಕೋಡ್ ಬರೆಯಬಹುದು ಎಂಬುದೇ ಅದರ ಹೆಗ್ಗಳಿಕೆ. 2008ರಲ್ಲಿ ನೋಕಿಯಾ ಆ ಕಂಪನಿಯನ್ನು ಕೊಂಡುಕೊಂಡಿತು. ಸಿಂಬಿಯನ್, ಮೀಗೊ ಫೋನುಗಳಿಗೆ ಆ್ಯಪ್ ಬರೆಯುವವರಿಗೆಲ್ಲ ಕ್ಯೂಟ್ ಕೊಡಬೇಕು ಅನ್ನುವುದು ನೋಕಿಯಾದ ಲೆಕ್ಕವಾಗಿತ್ತು. 2011ರ ಫೆಬ್ರವರಿ 11ರಂದು ಆ ಲೆಕ್ಕ ತಲೆಕೆಳಗಾಯಿತು. ಇನ್ನು ಮುಂದೆ ನಮ್ಮ ಸ್ಮಾರ್ಟ್‌ಫೋನ್‌ಗಳಲ್ಲಿ ವಿಂಡೋಸ್ ಫೋನ್ ಇರುತ್ತದೆ ಎಂದು ನೋಕಿಯಾ ಘೋಷಿಸಿತು. ಅದರಲ್ಲಿ ಕ್ಯೂಟ್‌ಗೆ ಜಾಗ ಇರಲಿಲ್ಲ.

ವರ್ಷಗಟ್ಟಲೆ ಕ್ಯೂಟ್ ನಂಬಿ ಕೋಡ್ ಬರೆದವರ ಪಾಡು ಯೋಚಿಸಿ. ಒಂದು ಕಡೆ ಆಂಡ್ರಾಯ್ಡ್ ಜೋರಾಗಿ ಬೆಳೆಯುತ್ತಿತ್ತು. ಆದರೆ ನೋಕಿಯಾ ಯಾಕೆ ಎದುರಾಳಿಯ ಫೋನಿಗೆ ಕ್ಯೂಟ್ ತರಬೇಕು? ವ್ಯಾಪಾರದ ದೃಷ್ಟಿಯಿಂದ ಅದಕ್ಕೆ ಕಾರಣವೇ ಇರಲಿಲ್ಲ. ಅದೇ ಫೆಬ್ರವರಿಯಲ್ಲಿ ರೊಮೇನಿಯಾದ ಪ್ರೋಗ್ರಾಮರ್ ಬೊಗ್‌ಡಾನ್ ವಾತ್ರಾ, ನೆಸೆಸಿಟಾಸ್ ಎಂಬ ಯೋಜನೆಯ ಮೊದಲ ಆಲ್ಫಾ ಹೊರಬಿಟ್ಟರು. ಆಂಡ್ರಾಯ್ಡ್ ಮೇಲೆ ಓಡುವ ಕ್ಯೂಟ್! ಘೋಷಣೆ ಕೇಳಿದ ಮೇಲೆ ಶುರು ಮಾಡಿದ್ದಲ್ಲ ಅದು. ಅಷ್ಟು ಬೇಗ ಯಾರಿಗೂ ಆಗುವ ಕೆಲಸವಲ್ಲ. ಮುಂಚಿನಿಂದಲೂ ಅವರು ಅದರ ಹಿಂದೆ ಬಿದ್ದಿದ್ದರು.

ಹೊರಗಿನ ಒಬ್ಬರಿಗೆ ಇದು ಹೇಗೆ ಸಾಧ್ಯವಾಯಿತು? ಎರಡು ಬಾಗಿಲು ತೆರೆದಿದ್ದವು. ಒಂದು, ಲೈಸೆನ್ಸ್. 2009ರಲ್ಲಿ ಬಂದ ಕ್ಯೂಟ್ 4.5 ಎಲ್‌ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲೂ ಸಿಗತೊಡಗಿತ್ತು. ಯಾರ ಅಪ್ಪಣೆಯೂ ಬೇಡ, ಕೋಡ್ ತೆಗೆದುಕೊಂಡು ಬದಲಾಯಿಸಬಹುದು. ಇನ್ನೊಂದು, ಲೈಟ್‌ಹೌಸ್. ಹಳೆಯ ಕ್ಯೂಟ್‌ನಲ್ಲಿ ವಿಂಡೋ ತೆರೆಯುವ, ಕೀಲಿ ಓದುವ, ಚಿತ್ರ ಮೂಡಿಸುವ ಕೋಡ್ ಒಂದೊಂದು ಆಪರೇಟಿಂಗ್ ಸಿಸ್ಟಮ್‌ಗೆ ಒಂದೊಂದು ಥರ ಎಲ್ಲೆಂದರಲ್ಲಿ ಹರಡಿಕೊಂಡಿತ್ತು. ಲೈಟ್‌ಹೌಸ್ ಅದನ್ನೆಲ್ಲ ಒಂದು ಪ್ಲಗಿನ್ ಒಳಗೆ ತಂದಿತು. ಹೊಸ ವೇದಿಕೆ ಬೇಕಾ? ಆ ಒಂದು ಪ್ಲಗಿನ್ ಬರೆಯಿರಿ, ಮಿಕ್ಕ ಕ್ಯೂಟ್ ಬಹುಪಾಲು ಹಾಗೇ ಇರುತ್ತದೆ. ಈ ಕೆಲಸ ಮಾಡಿದ್ದು ಕ್ಯೂಟ್‌ನ ಒಳಗಿನ ಇಂಜಿನಿಯರುಗಳೇ. ಹಾಗಾಗಿ ಇದನ್ನು ಕಂಪನಿ ವಿರುದ್ಧ ಸಮುದಾಯ ಎಂಬ ಜಗಳವಾಗಿ ಹೇಳಲು ನನಗೆ ಇಷ್ಟವಿಲ್ಲ. ಒಳಗಿನವರು ಜಾಗ ಮಾಡಿಕೊಟ್ಟರು, ಹೊರಗಿನವರು ಬಂದು ದುಡಿದರು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಬಹುಪಾಲು ಹಾಗೇ ಇರುತ್ತದೆ ಅಂದೆನಲ್ಲ, ಮಿಕ್ಕಿದ್ದರಲ್ಲೇ ಇದೆ ಎಲ್ಲ ಕಷ್ಟ.

ಡೆಸ್ಕ್‌ಟಾಪ್‌ನಲ್ಲಿ ಪ್ರೋಗ್ರಾಮ್ ಶುರುವಾಗುವುದು ಮೇನ್ ಫಂಕ್ಷನ್‌ನಿಂದ. ಆಂಡ್ರಾಯ್ಡ್‌ನಲ್ಲಿ ಹಾಗಲ್ಲ. ಅಲ್ಲಿ ಮೊದಲು ಎದ್ದೇಳುವುದು ಜಾವಾದಲ್ಲಿ ಬರೆದ ಆಕ್ಟಿವಿಟಿ ಎಂಬ ಭಾಗ. ಹಾಗಾಗಿ ಆ ಜಾವಾ ಭಾಗ ಕ್ಯೂಟ್‌ನ ಲೈಬ್ರರಿಗಳನ್ನು ಲೋಡ್ ಮಾಡುತ್ತದೆ. ಆಮೇಲೆ ಬೇರೆಯೇ ಥ್ರೆಡ್‌ನಲ್ಲಿ, ಅಂದರೆ ಜೊತೆಜೊತೆಗೇ ಓಡುವ ಇನ್ನೊಂದು ಕೆಲಸದ ಸಾಲಿನಲ್ಲಿ, ನಿಮ್ಮ ಮೇನ್ ಅನ್ನು ಕರೆಯುತ್ತದೆ. ಅಂದರೆ ಒಂದೇ ಆ್ಯಪ್‌ನಲ್ಲಿ ಎರಡು ಮುಖ್ಯ ಥ್ರೆಡ್‌ಗಳು. ಒಂದು ಆಂಡ್ರಾಯ್ಡ್‌ನದು, ಇನ್ನೊಂದು ಕ್ಯೂಟ್‌ನದು. ನೀವು ಪರದೆ ಮುಟ್ಟಿದರೆ ಸುದ್ದಿ ಮೊದಲು ಆಂಡ್ರಾಯ್ಡ್‌ಗೆ ಬರುತ್ತದೆ, ಜಾವಾ ಮತ್ತು ಸಿ ಪ್ಲಸ್ ಪ್ಲಸ್ ನಡುವಿನ ಸೇತುವೆಯಾದ ಜೆಎನ್‌ಐ ದಾಟಿ ಕ್ಯೂಟ್‌ಗೆ ಹೋಗುತ್ತದೆ.

ಮುಟ್ಟುವುದು ಸುಲಭ, ಸುದ್ದಿ ಒಂದೇ ದಿಕ್ಕಿಗೆ ಹೋದರೆ ಸಾಕು. ಕೀಬೋರ್ಡ್ ಹಾಗಲ್ಲ. ಊಹಿಸಿ ಪದ ಸೂಚಿಸುವ ಕೀಬೋರ್ಡ್‌ಗೆ ಕರ್ಸರ್ ಹಿಂದೆ ಏನಿದೆ, ಮುಂದೆ ಏನಿದೆ ಎಂದು ಪದೇಪದೇ ಕೇಳಬೇಕು. ಉತ್ತರವೂ ಆಗಲೇ ಬೇಕು. ಆದರೆ ಪಠ್ಯ ಇರುವುದು ಕ್ಯೂಟ್‌ನ ಥ್ರೆಡ್‌ನಲ್ಲಿ. ಇವನು ಅವನಿಗೆ ಕಾಯುತ್ತಾನೆ, ಅದೇ ಗಳಿಗೆಯಲ್ಲಿ ಅವನು ಇವನಿಗೆ ಕಾಯುತ್ತಾನೆ. ಆ್ಯಪ್ ನಿಂತಲ್ಲೇ ನಿಂತುಬಿಡುತ್ತದೆ. ಇದಕ್ಕೆ ಡೆಡ್‌ಲಾಕ್ ಅನ್ನುತ್ತೇವೆ. ಕ್ಯೂಟ್‌ನ ಆಂಡ್ರಾಯ್ಡ್ ಪ್ಲಗಿನ್‌ನಲ್ಲಿ ಇದನ್ನು ತಡೆಯುವುದಕ್ಕೆಂದೇ ಒಂದು ಕ್ಲಾಸ್ ಇದೆ. ಒಂದು ಅಕ್ಷರ ಮೂಡಲು ಎರಡು ಮೂರು ಕೀ ಒತ್ತಬೇಕಾದ ಲಿಪಿಗಳಲ್ಲಿ ಈ ತೊಡಕು ಇನ್ನೂ ಜಾಸ್ತಿ. ಅಕ್ಷರ ಪೂರ್ತಿ ಆಗುವ ತನಕ ಅರ್ಧ ರೂಪವನ್ನು ಎರಡೂ ಕಡೆ ಸರಿಯಾಗಿ ಇಟ್ಟುಕೊಳ್ಳಬೇಕಲ್ವಾ? ಇಂಥ ಕೆಲಸ ಡೆಮೊದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಬಳಸುವವರಿಗೆ ಫ್ರೇಮ್‌ವರ್ಕ್ ಅಂದರೆ ಇದೇ.

ಇನ್ನೊಂದು ತೊಡಕು ಗಾತ್ರದ್ದು. ಆಗಿನ ಫೋನುಗಳಲ್ಲಿ ಆ್ಯಪ್‌ಗಳಿಗೆ ಸಿಗುತ್ತಿದ್ದ ಜಾಗ ತೀರಾ ಕಮ್ಮಿ. ಪ್ರತಿ ಆ್ಯಪ್ ಜೊತೆ ಕ್ಯೂಟ್ ಲೈಬ್ರರಿಗಳನ್ನೂ ಹೊರಿಸಿದರೆ ಹೇಗೆ? ಅದಕ್ಕೆ ಮಿನಿಸ್ಟ್ರೊ ಎಂಬ ಸಹಾಯಕ ಆ್ಯಪ್ ಮಾಡಿದರು. ಲೈಬ್ರರಿಗಳು ಒಂದೇ ಸಲ ಇಳಿಯುತ್ತವೆ, ಕ್ಯೂಟ್ ಆ್ಯಪ್‌ಗಳೆಲ್ಲ ಅವನ್ನೇ ಹಂಚಿಕೊಳ್ಳುತ್ತವೆ. ಜಾಗದ ದೃಷ್ಟಿಯಿಂದ ಜಾಣ ಉಪಾಯ. ಆದರೆ ಒಂದು ಆ್ಯಪ್ ಹಾಕಿಕೊಂಡವರಿಗೆ ಇನ್ನೊಂದನ್ನೂ ಹಾಕಿಕೊಳ್ಳಿ ಅಂದರೆ ಎಷ್ಟೋ ಜನ ಅಲ್ಲಿಗೇ ಬಿಟ್ಟುಬಿಡುತ್ತಾರೆ. ಫೋನುಗಳಲ್ಲಿ ಜಾಗ ಹೆಚ್ಚಾದ ಮೇಲೆ ಲೈಬ್ರರಿಗಳನ್ನು ಆ್ಯಪ್ ಒಳಗೇ ಕಟ್ಟಿಕೊಡುವುದು ರೂಢಿಯಾಯಿತು. ಅದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಬರೀ ಲೈಬ್ರರಿ ತಂದು ಅವರು ಸುಮ್ನೆ ಕೂರಲಿಲ್ಲ. ಕ್ಯೂಟ್ ಕೋಡ್ ಬರೆಯುವ ಸಾಧನವಾದ ಕ್ಯೂಟ್ ಕ್ರಿಯೇಟರ್‌ನಿಂದ ನೇರವಾಗಿ ಫೋನಿಗೆ ಆ್ಯಪ್ ಕಳಿಸುವ ವ್ಯವಸ್ಥೆ, ಮೂರೂ ಡೆಸ್ಕ್‌ಟಾಪ್‌ಗಳಿಗೆ ಇನ್‌ಸ್ಟಾಲರ್, ಎಲ್ಲವನ್ನೂ ಕೊಟ್ಟರು. 2011ರಲ್ಲೇ ಈ ಯೋಜನೆ, ಲಿನಕ್ಸ್ ಡೆಸ್ಕ್‌ಟಾಪ್ ಕಟ್ಟುವ ಕೆಡಿಇ ಸಮುದಾಯದ ನೆರಳಿಗೆ ಬಂತು. ಕೆಡಿಇಗೂ ಕ್ಯೂಟ್‌ಗೂ ಹಳೆಯ ನಂಟು. 1998ರಲ್ಲೇ ಟ್ರೋಲ್‌ಟೆಕ್ ಜೊತೆ ಸೇರಿ ಕೆಡಿಇ ಒಂದು ಪ್ರತಿಷ್ಠಾನ ಮಾಡಿತ್ತು. ಮುಂದೆ ಯಾವಾಗಾದರೂ ಕ್ಯೂಟ್‌ನ ಮುಕ್ತ ಆವೃತ್ತಿ ನಿಂತುಹೋದರೆ, ಕೋಡನ್ನು ಇನ್ನೂ ಸಡಿಲವಾದ ಲೈಸೆನ್ಸ್‌ನಲ್ಲಿ ಬಿಡುಗಡೆ ಮಾಡುವ ಹಕ್ಕು ಆ ಪ್ರತಿಷ್ಠಾನಕ್ಕೆ ಇದೆ. ಮಾಲೀಕರು ಬದಲಾದರೂ ಜನ ಕ್ಯೂಟ್ ಬಿಟ್ಟು ಹೋಗದಿರಲು ಇದೂ ಒಂದು ಕಾರಣ ಎಂದು ನಾನು ನಂಬುತ್ತೇನೆ.

2012ರಲ್ಲಿ ನೋಕಿಯಾ ಕ್ಯೂಟ್ ಅನ್ನು ಫಿನ್‌ಲೆಂಡಿನ ಡಿಜಿಯಾ ಕಂಪನಿಗೆ ಮಾರಿತು. ಡಿಜಿಯಾಗೆ ಮಾರಲು ಸ್ವಂತ ಫೋನ್ ಇರಲಿಲ್ಲ. ಹಾಗಾಗಿ ಆಂಡ್ರಾಯ್ಡ್, ಐಒಎಸ್ ಎರಡೂ ಅದಕ್ಕೆ ಬೇಕಿದ್ದವು. ಅಷ್ಟರಲ್ಲಿ ಆಂಡ್ರಾಯ್ಡ್ ಕೆಲಸ ಆಗಲೇ ನಡೆದಿತ್ತು! ನೆಸೆಸಿಟಾಸ್ ಪ್ರತ್ಯೇಕ ಕವಲಾಗಿ ಉಳಿಯಲಿಲ್ಲ. ಅದರ ಕೋಡ್ ಕ್ಯೂಟ್ 5ರ ಮುಖ್ಯ ಮರಕ್ಕೇ ಸೇರಿತು. 2013ರ ಜುಲೈನ 5.1ರಲ್ಲಿ ಮುನ್ನೋಟವಾಗಿ ಬಂತು, ಅದೇ ಡಿಸೆಂಬರ್‌ನ 5.2ರಲ್ಲಿ ಪೂರ್ಣ ಬೆಂಬಲ ಸಿಕ್ಕಿತು. ಬರೆದದ್ದನ್ನು ಹೀಗೆ ಎಲ್ಲರದ್ದನ್ನಾಗಿ ಮಾಡುವುದು ಬರೆಯುವುದಕ್ಕಿಂತ ದೊಡ್ಡದು. ಬೇರೆಯವರ ವಿಮರ್ಶೆಗೆ ಒಪ್ಪಿಸಬೇಕು, ಸಾಲು ಸಾಲಿಗೂ ಉತ್ತರ ಕೊಡಬೇಕು, ತಾನು ಕಟ್ಟಿದ್ದನ್ನು ಇನ್ನೊಬ್ಬರು ಬದಲಾಯಿಸುವುದನ್ನು ಒಪ್ಪಬೇಕು.

ಐಒಎಸ್ ಕತೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಆ್ಯಪ್ ಚಾಲೂ ಮಾಡುವ ಫಂಕ್ಷನ್ ಒಮ್ಮೆ ಶುರುವಾದರೆ ಮರಳುವುದೇ ಇಲ್ಲ. ಕ್ಯೂಟ್‌ಗೋ ಮುಟ್ಟಿದ್ದು, ಒತ್ತಿದ್ದನ್ನೆಲ್ಲ ಕಾದು ನೋಡುವ ತನ್ನದೇ ಈವೆಂಟ್ ಲೂಪ್ ಬೇಕು. ಅದಕ್ಕೆ ಬಳಕೆದಾರರ ಮೇನ್ ಅನ್ನು ಬೇರೆ ಸ್ಟ್ಯಾಕ್ (ಫಂಕ್ಷನ್‌ಗಳ ಲೆಕ್ಕ ಇಡುವ ಮೆಮೊರಿ) ಮೇಲೆ ಓಡಿಸುವ ಉಪಾಯ ಮಾಡಿದರು. ಜೊತೆಗೆ, ಆ್ಯಪ್ ಓಡುವಾಗಲೇ ಯಂತ್ರದ ಕೋಡ್ ತಯಾರಿಸಲು ಆ್ಯಪಲ್ ಬಿಡುವುದಿಲ್ಲ. ಕ್ಯೂಟ್‌ನಲ್ಲಿ ಆ್ಯಪ್‌ನ ಮುಖ ಬರೆಯುವ ಭಾಷೆ ಕ್ಯೂಎಂಎಲ್. ಅದು ಆಗ ನಿಂತಿದ್ದ ವಿ8 ಎಂಬ ಜಾವಾಸ್ಕ್ರಿಪ್ಟ್ ಇಂಜಿನ್ ಮಾಡುತ್ತಿದ್ದದ್ದೇ ಅದನ್ನು. ಹಾಗಾಗಿ 5.1ರಲ್ಲಿ ಐಒಎಸ್‌ಗೆ, ಕ್ಯೂಎಂಎಲ್ ಮುಖಗಳನ್ನು ಮೂಡಿಸುವ ಕ್ಯೂಟ್ ಕ್ವಿಕ್ 2 ಸಿಗಲಿಲ್ಲ. 5.2ರಲ್ಲಿ ವಿ4 ಎಂಬ ತಮ್ಮದೇ ಇಂಜಿನ್ ಬರೆದ ಮೇಲೆ ಸರಿಹೋಯಿತು.

ಓಡಿತು, ಸರಿ. ಆದರೆ ಫೋನಿನಲ್ಲಿ ಓಡುವುದು ಬೇರೆ, ಫೋನಿಗೆ ಒಗ್ಗುವುದು ಬೇರೆ. ಕ್ಯೂಜಿಐಎಸ್ ನೋಡಿ. ನಕ್ಷೆ ಮಾಡುವವರ ದೊಡ್ಡ ಡೆಸ್ಕ್‌ಟಾಪ್ ಸಾಫ್ಟ್‌ವೇರ್. ನೆಸೆಸಿಟಾಸ್ ಬಂದಾಗ ಅದನ್ನು ಇಡಿಯಾಗಿ ಆಂಡ್ರಾಯ್ಡ್‌ಗೆ ತಂದರು. ಮೌಸ್‌ಗೆಂದು ಮಾಡಿದ ಪುಟ್ಟ ಬಟನ್‌ಗಳು, ಮೆನು ಒಳಗೊಂದು ಮೆನು. ಬಿಸಿಲಲ್ಲಿ ನಿಂತು ಬೆರಳಲ್ಲಿ ಒತ್ತುವವರಿಗೆ ಅದು ಹೊಂದುವುದಿಲ್ಲ. ಆಮೇಲೆ ಕ್ಯೂಫೀಲ್ಡ್ ಬಂತು. ಒಳಗೆ ಕ್ಯೂಜಿಐಎಸ್‌ನ ಅದೇ ತಿರುಳು, ಮೇಲೆ ಕ್ಯೂಎಂಎಲ್‌ನಲ್ಲಿ ಹೊಸದಾಗಿ ಬರೆದ ಮುಖ. ಈಗ ಸಮೀಕ್ಷೆಗೆ ಹೋಗುವವರು ಅದನ್ನೇ ಒಯ್ಯುತ್ತಾರೆ. ಡೆಸ್ಕ್‌ಟಾಪ್ ಆ್ಯಪ್ ಫೋನಿಗೆ ತರಬೇಕು ಎಂದು ಕೇಳುವವರಿಗೆಲ್ಲ ನಾನು ತೋರಿಸುವುದು ಈ ದಾರಿಯನ್ನೇ. ತಿರುಳು ಉಳಿಸಿಕೊಳ್ಳಿ, ಮುಖ ಹೊಸದು ಮಾಡಿ. ಫೋನಿಗೂ ಡೆಸ್ಕ್‌ಟಾಪ್‌ಗೂ ಹೊಂದುವ ಮುಖ ಕಟ್ಟುವ ಕೆಡಿಇಯ ಕಿರಿಗಾಮಿ ಹುಟ್ಟಿದ್ದೂ ಇಂಥ ಅಗತ್ಯಕ್ಕೇ.

ಹಾಗಾದರೆ ಕ್ರಿತಾ? ಅದು ಹಳೆಯ ಮುಖವನ್ನೇ ಇಟ್ಟುಕೊಂಡಿದೆ. ದೊಡ್ಡ ಪರದೆ, ಕೈಯಲ್ಲಿ ಸ್ಟೈಲಸ್ ಇರುವುದರಿಂದ ನಡೆಯುತ್ತದೆ. ಮುಕ್ತ ಸಾಫ್ಟ್‌ವೇರ್ ಕೆಲಸಕ್ಕೆ ಗೂಗಲ್ ನಡೆಸುವ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮದಲ್ಲಿ 2019ರಲ್ಲಿ ಒಬ್ಬ ವಿದ್ಯಾರ್ಥಿ ಅದನ್ನು ಆಂಡ್ರಾಯ್ಡ್‌ಗೆ ತರುವ ಕೆಲಸ ಹಿಡಿದರು. 2020ರ ಮೇನಲ್ಲಿ ಟ್ಯಾಬ್ಲೆಟ್‌ಗಳಿಗೆ ಬೀಟಾ ಬಂತು. ಒಬ್ಬರು ಹಾಕಿದ ಅಡಿಪಾಯದ ಮೇಲೆ ಎಷ್ಟೋ ವರ್ಷಗಳ ನಂತರ ಒಬ್ಬ ವಿದ್ಯಾರ್ಥಿ ಕಟ್ಟುತ್ತಾರೆ. ನನಗೆ ಇದು ತುಂಬಾ ಖುಷಿ ಕೊಡುವ ಸಂಗತಿ.

ಈ ಕೆಲಸ ಮುಗಿಯುವುದೂ ಇಲ್ಲ. 2019ರ ಆಗಸ್ಟ್‌ನಿಂದ ಪ್ಲೇ ಸ್ಟೋರ್ 64 ಬಿಟ್ ಲೈಬ್ರರಿ ಕಡ್ಡಾಯ ಮಾಡಿತು. 2025ರ ನವೆಂಬರ್‌ನಿಂದ, ಆಂಡ್ರಾಯ್ಡ್ 15 ಮತ್ತು ಅದರ ಮೇಲಿನದಕ್ಕೆಂದು ಮಾಡಿದ ಆ್ಯಪ್‌ಗಳು ಫೋನ್ ಮೆಮೊರಿ ಹಂಚುವ 16 ಕೆಬಿ ತುಣುಕುಗಳಿಗೆ, ಅಂದರೆ ಮೆಮೊರಿ ಪುಟಗಳಿಗೆ, ಹೊಂದಬೇಕು ಎಂದಿತು. ಜಾವಾದಲ್ಲಷ್ಟೇ ಬರೆದ ಆ್ಯಪ್‌ಗೆ ಇದು ತಟ್ಟುವುದೇ ಇಲ್ಲ. ಸಿ ಪ್ಲಸ್ ಪ್ಲಸ್ ಲೈಬ್ರರಿಗಳನ್ನು ಮಾತ್ರ ಮತ್ತೆ ಕಟ್ಟಬೇಕು. ಯಾರಾದರೂ ಕೂತು ಮಾಡಲೇಬೇಕು.

ನೀವೂ ಕೈ ಜೋಡಿಸಬಹುದು, ಕೋಡ್ ಬರೆಯಲು ಬರದಿದ್ದರೂ. ಆಂಡ್ರಾಯ್ಡ್ ಫೋನುಗಳಲ್ಲಿ ಎಷ್ಟು ಬಗೆ! ಎಲ್ಲವೂ ಅಭಿವೃದ್ಧಿ ಮಾಡುವವರ ಮೇಜಿನ ಮೇಲೆ ಇರುವುದಿಲ್ಲ. ಯಾವುದಾದರೂ ಕ್ಯೂಟ್ ಆ್ಯಪ್‌ನಲ್ಲಿ ಟೈಪ್ ಮಾಡುವಾಗ ಅಕ್ಷರ ಎರಡೆರಡು ಸಲ ಬಂದರೆ, ಪರದೆ ತಿರುಗಿಸಿದಾಗ ಕಪ್ಪಾದರೆ, ಸುಮ್ನೆ ಅನ್‌ಇನ್‌ಸ್ಟಾಲ್ ಮಾಡಬೇಡಿ. ಫೋನಿನ ಮಾದರಿ, ಆಂಡ್ರಾಯ್ಡ್ ಆವೃತ್ತಿ, ಯಾವ ಕೀಬೋರ್ಡ್ ಆ್ಯಪ್, ಏನು ಮಾಡಿದಾಗ ಹಾಗಾಯಿತು, ಇಷ್ಟು ಬರೆದು ಆ ಯೋಜನೆಯ ಬಗ್ ಪಟ್ಟಿಗೆ ಹಾಕಿ. ಕೀಬೋರ್ಡ್ ಹೆಸರು ಮರೆಯಬೇಡಿ, ಹೆಚ್ಚಿನವರು ಬಿಡುವುದು ಅದನ್ನೇ.