ಅವ್ವನ ಹೆಗಲ ಮೇಲಿನ ಬೆರಳುಗಳು

ಆತ್ಮೀಯರೇ,

ನಮ್ಮ ತಾಯಂದಿರ ಹರೆಯದ ಫೋಟೊಗಳು ಏಕೆ ಇಷ್ಟು ಅಪರೂಪ? ಅಪ್ಪಂದಿರದು ಹೇಗೋ ಸಿಗುತ್ತದೆ. ಹೈಸ್ಕೂಲಿನ ಗ್ರೂಪ್ ಫೋಟೊ, ನೌಕರಿ ಅರ್ಜಿಗೆಂದು ತೆಗೆಸಿದ ಪ್ರತಿಗಳಲ್ಲಿ ಉಳಿದ ಒಂದು, ಗೆಳೆಯರ ಜೊತೆ ಜಾತ್ರೆಯಲ್ಲಿ ತೆಗೆಸಿಕೊಂಡದ್ದು. ಅರವತ್ತು ವರ್ಷಗಳ ಹಿಂದೆ ನಮ್ಮ ಕಡೆಯ ಹೆಣ್ಣುಮಗಳು ಸ್ಟುಡಿಯೊ ಮೆಟ್ಟಿಲು ಹತ್ತುತ್ತಿದ್ದುದು ಬಹುತೇಕ ಗಂಡಿನ ಕಡೆಯವರಿಗೆ ಕಳಿಸುವ ಫೋಟೊಕ್ಕಾಗಿ. ಆ ಮುಖದಲ್ಲಿ ಕಾಣುವ ಬಿಗುವನ್ನು ನಾವು ಲಜ್ಜೆ ಎಂದು ಮೆಚ್ಚಿಕೊಂಡಿದ್ದೇವೆ. ಅದು ಪರೀಕ್ಷೆಗೆ ಕುಳಿತವಳ ಮುಖವೆಂದು ನನಗೆ ಅನ್ನಿಸುತ್ತದೆ.

ಆ ಸ್ಟುಡಿಯೊಗಳನ್ನು ನೆನಪಿಸಿಕೊಳ್ಳಿ. ಹಿಂದೆ ಉದ್ಯಾನವನ್ನೋ ಅರಮನೆಯ ಮೆಟ್ಟಿಲನ್ನೋ ಬಿಡಿಸಿದ ಪರದೆ. ಪಕ್ಕದ ಎತ್ತರದ ಸ್ಟೂಲಿನ ಮೇಲೆ ಕಾಗದದ ಹೂವಿನ ಹೂದಾನಿ. ಗೋಡೆಗೆ ಕನ್ನಡಿ, ಅದರ ಕೆಳಗೆ ಬಾಚಣಿಗೆ, ಪೌಡರ್ ಡಬ್ಬಿ. ಫೋಟೊ ತೆಗೆದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ನೆಗೆಟಿವ್ ಮೇಲೆ ಚೂಪು ಪೆನ್ಸಿಲ್ ಆಡಿಸಿ ಮೊಡವೆಯ ಕಲೆ, ಕಣ್ಣ ಕೆಳಗಿನ ಕಪ್ಪು ಎಲ್ಲವನ್ನೂ ತಿದ್ದುತ್ತಿದ್ದರು. ಹೀಗಾಗಿ ಚಿತ್ರದಲ್ಲಿರುವ ನುಣುಪು ಕೆನ್ನೆಯನ್ನು ಪೂರ್ತಿ ನಂಬಬೇಕಾಗಿಲ್ಲ. ಕೈಗಳನ್ನು ನೋಡಿ, ನಿಂತ ರೀತಿಯನ್ನು ನೋಡಿ. ಅವನ್ನು ಯಾರೂ ತಿದ್ದುತ್ತಿರಲಿಲ್ಲ.

ನನ್ನ ಅವ್ವನದೊಂದು ಫೋಟೊ ನಮ್ಮ ಮನೆಯಲ್ಲಿದೆ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದಾಗ ತೆಗೆಸಿದ್ದು. ಎರಡು ಜಡೆ, ಇಳಕಲ್ ಸೀರೆ, ಎಡಗೈಯಲ್ಲಿ ಗಡಿಯಾರ. ಚಿತ್ರದ ಅಂಚಿನ ಕಪ್ಪು ಭಾಗಗಳು ಕನ್ನಡಿಯಂತೆ ಹೊಳೆಯುತ್ತವೆ. ಕಪ್ಪು-ಬಿಳುಪು ಕಾಗದದೊಳಗಿನ ಬೆಳ್ಳಿ ವರ್ಷ ಕಳೆದಂತೆ ಮೇಲ್ಮೈಗೆ ಬರುವುದರಿಂದ ಹಾಗಾಗುತ್ತದೆ. ಮೂರು ಕಡೆ ಬಿಳಿ ಅಂಚಿದೆ, ನಾಲ್ಕನೆಯ ಕಡೆ ಇಲ್ಲ. ಅಲ್ಲಿ ಕತ್ತರಿ ಆಡಿದೆ. ಅವ್ವನ ಬಲ ಹೆಗಲ ಮೇಲೆ ಯಾರದೋ ನಾಲ್ಕು ಬೆರಳುಗಳು ಉಳಿದುಕೊಂಡಿವೆ.

ಯಾರ ಬೆರಳು ಎಂದು ಕೇಳಿದಾಗ ಅವ್ವ ಒಂದು ಕ್ಷಣವೂ ತಡೆಯದೆ ಗೆಳತಿಯ ಹೆಸರು ಹೇಳಿದಳು. ಇಬ್ಬರೂ ಮನೆಯಲ್ಲಿ ಹೇಳದೆ, ಬಸ್ಸಿನ ದುಡ್ಡು ಉಳಿಸಿ, ತಮಗೆಂದೇ ತೆಗೆಸಿಕೊಂಡ ಫೋಟೊ ಅದು. ಆಮೇಲೆ ಗಂಡಿನ ಕಡೆಯವರು ಅವಸರದಲ್ಲಿ ಫೋಟೊ ಕೇಳಿದರು, ಮನೆಯಲ್ಲಿ ಬೇರೊಂದು ಇರಲಿಲ್ಲ. ಅಜ್ಜ ಗೆಳತಿಯನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಲಕೋಟೆಗೆ ಹಾಕಿ ಕಳಿಸಿದರು. ಅಜ್ಜ ಕೆಟ್ಟವರಲ್ಲ. ಆ ಕಾಲದ ಎಷ್ಟೋ ತಂದೆಯರು ಮಾಡಿದ್ದನ್ನೇ ಮಾಡಿದರು. ಆದರೂ ಆ ಕತ್ತರಿಯ ಗೆರೆ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ತನ್ನ ಖುಷಿಗೆಂದು ಅವಳು ತೆಗೆಸಿಕೊಂಡ ಒಂದೇ ಒಂದು ಚಿತ್ರವೂ ಕೊನೆಗೆ ಬೇರೆಯವರು ನೋಡುವ ಚಿತ್ರವಾಯಿತು.

ನಾನು ಹುಟ್ಟುವ ಮೊದಲೇ ಅವ್ವನಿಗೊಂದು ಲೋಕವಿತ್ತು, ಅದರಲ್ಲಿ ನನಗೆ ಜಾಗವಿರಲಿಲ್ಲ. ಇದು ತಿಳಿದ ಮೇಲೆ ಅವಳ ಜೊತೆ ನನ್ನ ಮಾತಿನ ಧಾಟಿಯೇ ಬದಲಾಯಿತು. ಊಟವಾಯಿತೇ, ಗುಳಿಗೆ ತೆಗೆದುಕೊಂಡೆಯಾ ಎಂಬಲ್ಲಿಗೆ ನಿಲ್ಲುತ್ತಿದ್ದ ಮಾತು ಈಗ ಕಾಲೇಜಿನ ಕಟ್ಟೆಯವರೆಗೆ, ಮಳೆಯಲ್ಲಿ ತೊಯ್ದ ಪುಸ್ತಕಗಳವರೆಗೆ ಹೋಗುತ್ತದೆ.

ನಿಮ್ಮ ಮನೆಯಲ್ಲಿ ಇಂಥ ಫೋಟೊ ಇದ್ದರೆ ಹಿರಿಯರು ಇರುವಾಗಲೇ ಕೇಳಿ, ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲ್ಲಿನಿಂದ ಹೆಸರು, ಊರು ಬರೆದಿಡಿ. ಬಾಲ್‌ಪೆನ್ ಬೇಡ, ಅದರ ಗೀರು ಮುಂಬದಿಗೂ ಮೂಡುತ್ತದೆ. ಲ್ಯಾಮಿನೇಷನ್ ಅಂತೂ ಮಾಡಿಸಲೇಬೇಡಿ, ಅದನ್ನು ಮತ್ತೆ ಬಿಡಿಸಲಾಗುವುದಿಲ್ಲ. ಮಳೆಗಾಲದ ತೇವಕ್ಕೆ ಚೌಕಟ್ಟಿನ ಗಾಜಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಚಿತ್ರದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಅದರ ಪ್ರತಿ ತೆಗೆದುಕೊಳ್ಳಿ.

ಅವ್ವನ ಫೋಟೊದ ಹಿಂಬದಿಯಲ್ಲಿ ಸ್ಟುಡಿಯೊದ ಮುದ್ರೆ, ನೆಗೆಟಿವ್ ಸಂಖ್ಯೆ ಎರಡೂ ಇವೆ. ವಿಚಾರಿಸಿದೆ. ಸ್ಟುಡಿಯೊ ಮುಚ್ಚಿದಾಗ ನೆಗೆಟಿವ್‌ಗಳೆಲ್ಲ ಗುಜರಿಗೆ ಹೋದವಂತೆ. ಆದರೆ ಅಂದು ಎರಡು ಪ್ರತಿ ಮಾಡಿಸಿ ಇಬ್ಬರೂ ಒಂದೊಂದು ಹಂಚಿಕೊಂಡಿದ್ದರೆಂದು ಅವ್ವ ಹೇಳುತ್ತಾಳೆ. ಹಾಗಾದರೆ ಕತ್ತರಿ ತಾಗದ ಒಂದು ಪ್ರತಿ ಎಲ್ಲೋ ಇರಬಹುದು. ನಿಮ್ಮ ಅವ್ವನ, ಅಜ್ಜಿಯ ಟ್ರಂಕಿನಲ್ಲಿ ಮೆಟ್ಟಿಲಿನ ಪರದೆಯ ಮುಂದೆ ಒಬ್ಬರ ಹೆಗಲ ಮೇಲೆ ಇನ್ನೊಬ್ಬರು ಕೈಯಿಟ್ಟು ನಿಂತ ಇಬ್ಬರು ಹುಡುಗಿಯರ ಚಿತ್ರ ಕಂಡರೆ, ದಯವಿಟ್ಟು ನನಗೆ ತಿಳಿಸಿ. ಅವ್ವ ಕಾಯುತ್ತಿದ್ದಾಳೆ.